ಮುಖ ನೋಡಿ ಮಣೆ ಹಾಕಬೇಡಿ: ಒಹಾಯೊದಲ್ಲಿ ಬಿಲ್ಲೆ ಬೇಟೆಯ ಆರು ದಿನ

ಬುಧವಾರ: ಕ್ಲೀವ್‌ಲೆಂಡ್‌ನಿಂದ ಮೆಂಟರ್‌ಗೆ

ಅಮೆರಿಕದ ಅಧ್ಯಕ್ಷ ಚುನಾವಣೆಗಳ ಹಳೆಯ ಬಿಲ್ಲೆ (ಎದೆಗೆ ಚುಚ್ಚಿಕೊಳ್ಳುವ ಪ್ರಚಾರದ ಬ್ಯಾಡ್ಜು), ರಿಬ್ಬನ್, ಪಂಜು, ಮತಚೀಟಿ ಹುಡುಕುವವರಿಗೆ ಒಹಾಯೊ ರಾಜ್ಯ ತವರುಮನೆ. ಗ್ರಾಂಟ್, ಹೇಯ್ಸ್, ಗಾರ್‌ಫೀಲ್ಡ್, ಬೆಂಜಮಿನ್ ಹ್ಯಾರಿಸನ್, ಮೆಕಿನ್ಲಿ, ಟಾಫ್ಟ್, ಹಾರ್ಡಿಂಗ್ ಹೀಗೆ ಏಳು ಅಧ್ಯಕ್ಷರು ಹುಟ್ಟಿದ ನೆಲ ಎನ್ನುವುದು ಒಂದು ಕಾರಣ. ದೊಡ್ಡ ಕಾರಣ ಬೇರೆಯೇ ಇದೆ. ಗಾರ್‌ಫೀಲ್ಡ್, ಮೆಕಿನ್ಲಿ, ಹಾರ್ಡಿಂಗ್ ಈ ಮೂವರೂ ಊರೂರು ಅಲೆಯುವ ಬದಲು ಹೆಚ್ಚಾಗಿ ತಮ್ಮ ಮನೆಯ ಜಗಲಿಯ ಮೇಲೇ ನಿಂತು ಪ್ರಚಾರ ಮಾಡಿದರು. ಜನ ರೈಲು ತುಂಬಿಕೊಂಡು ಅವರ ಮನೆ ಬಾಗಿಲಿಗೆ ಬಂದರು. ಬಂದವರು ಎದೆಗೆ ಚುಚ್ಚಿಕೊಂಡು ಹೋದದ್ದರಲ್ಲಿ ಅಳಿದುಳಿದದ್ದು ಇವತ್ತಿಗೂ ಈ ಕಡೆಯ ಮನೆಗಳ ಅಟ್ಟದಿಂದ ಇಳಿದು ಸಂತೆಗೆ ಬರುತ್ತದೆ.

ಕ್ಲೀವ್‌ಲೆಂಡ್‌ನಲ್ಲಿ ಬಾಡಿಗೆ ಕಾರು ಹಿಡಿಯುವ ಮೊದಲೇ ಚೀಲ ಸಿದ್ಧವಾಗಿರಬೇಕು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕಣ್ಣುಮಸೂರ (ಅಕ್ಕಸಾಲಿಗರು ಬಳಸುವಂಥದ್ದು), ಬೆರಳುಗುರಿನಷ್ಟು ಅಯಸ್ಕಾಂತ, ಇಂಚಿನ ಗುರುತುಗಳಿರುವ ಅಡಿಪಟ್ಟಿ, ಅತಿನೇರಳೆ ಬೆಳಕಿನ ಸಣ್ಣ ಟಾರ್ಚು, ಮಾಮೂಲಿ ಬಿಳಿ ಟಾರ್ಚು, ಒಣ ಹತ್ತಿ ಬಟ್ಟೆ, ಒಂದಿಪ್ಪತ್ತು ಚಿಕ್ಕ ಪೊಟ್ಟಣ. ಜೊತೆಗೆ 1, 5, 10 ಡಾಲರಿನ ಚಿಲ್ಲರೆ ನೋಟು. ಐವತ್ತು ಡಾಲರಿನ ನೋಟು ಚಾಚಿ ಎಂಟು ಡಾಲರಿನ ಬಿಲ್ಲೆಗೆ ಚೌಕಾಸಿ ಮಾಡಿದರೆ ಯಾರೂ ಬಗ್ಗುವುದಿಲ್ಲ.

ಮೆಂಟರ್ ಇರುವುದು ಕ್ಲೀವ್‌ಲೆಂಡ್‌ನಿಂದ ಈಶಾನ್ಯಕ್ಕೆ ಸುಮಾರು 25 ಮೈಲಿ. ಇಲ್ಲಿರುವ ಗಾರ್‌ಫೀಲ್ಡ್ ಮನೆಗೆ ಲಾನ್‌ಫೀಲ್ಡ್ ಎಂದು ಹೆಸರು. ರಾಷ್ಟ್ರೀಯ ಉದ್ಯಾನ ಸೇವೆ ಅದನ್ನು ಸ್ಮಾರಕವಾಗಿ ನೋಡಿಕೊಳ್ಳುತ್ತಿದೆ. 1880ರಲ್ಲಿ ಇಲ್ಲಿಗೆ 15ರಿಂದ 17 ಸಾವಿರ ಜನ ಬಂದರು. ಮನೆಯ ಹಿಂದಿನ ಪುಟ್ಟ ಕಟ್ಟಡವೇ ಪ್ರಚಾರ ಕಚೇರಿ. ಟೆಲಿಗ್ರಾಫ್ ತಂತಿಯನ್ನು ಅಲ್ಲಿಗೇ ಎಳೆದಿದ್ದರು. ಗೆದ್ದದ್ದು ಹತ್ತು ಸಾವಿರ ಮತಕ್ಕೂ ಕಡಿಮೆ ಅಂತರದಲ್ಲಿ.

ಇಲ್ಲಿ ಕಲಿಯಬೇಕಾದ ಮೊದಲ ಪಾಠ: 1880ರಲ್ಲಿ ನಾವಂದುಕೊಳ್ಳುವಂಥ ಬಿಲ್ಲೆ ಇರಲೇ ಇಲ್ಲ. ಸೆಲ್ಯುಲಾಯ್ಡ್ (ಆ ಕಾಲದ ಪ್ಲಾಸ್ಟಿಕ್) ಹೊದಿಕೆಯ ಬಿಲ್ಲೆ ಅಧ್ಯಕ್ಷ ಚುನಾವಣೆಗೆ ಬಂದದ್ದು 1896ರಲ್ಲಿ. ಅದಕ್ಕೆ ಮೊದಲಿನದೆಲ್ಲ ಅಚ್ಚೊತ್ತಿದ ತೆಳು ಹಿತ್ತಾಳೆ ಚೌಕಟ್ಟಿನೊಳಗೆ ರಟ್ಟಿನ ಫೋಟೊ ಅಂಟಿಸಿದ ಪದಕ, ತೂತು ಕೊರೆದ ನಾಣ್ಯದಂಥ ಟೋಕನ್, ರೇಷ್ಮೆ ರಿಬ್ಬನ್. ಗಾರ್‌ಫೀಲ್ಡ್ ಎದುರಾಳಿ ಹ್ಯಾನ್‌ಕಾಕ್ ಪದಕಗಳಲ್ಲಿ ಒಂದು ಕೈ, ಪಕ್ಕದಲ್ಲೊಂದು ಹುಂಜ ಇರುತ್ತದೆ. ಇಂಗ್ಲಿಷಿನಲ್ಲಿ ಕೈ ಎಂದರೆ ‘ಹ್ಯಾಂಡ್’, ಹುಂಜ ಎಂದರೆ ‘ಕಾಕ್’. ಎರಡನ್ನೂ ಸೇರಿಸಿ ಓದಿಕೊಳ್ಳಬೇಕು. ಗಾರ್‌ಫೀಲ್ಡ್ ವಿರೋಧಿಗಳು ಗೋಡೆ, ಮೆಟ್ಟಿಲು, ಕಾಲುದಾರಿ ಎನ್ನದೆ ಸೀಮೆಸುಣ್ಣದಲ್ಲಿ ‘329’ ಎಂದು ಗೀಚುತ್ತಿದ್ದರು. ಕ್ರೆಡಿಟ್ ಮೊಬಿಲಿಯೆ ರೈಲ್ವೆ ಹಗರಣದಲ್ಲಿ ಅವರು ತೆಗೆದುಕೊಂಡರು ಎನ್ನಲಾದ ಡಾಲರ್ ಮೊತ್ತ ಅದು. ಆ ಕಾಲದ ಕಾಗದ ಪತ್ರಗಳಲ್ಲಿ ಬರೀ 329 ಎಂಬ ಅಂಕಿ ಕಂಡರೆ ಅಂಗಡಿಯ ಸಂಖ್ಯೆ ಎಂದುಕೊಂಡು ಬಿಟ್ಟು ಬರಬೇಡಿ.

ಅಯಸ್ಕಾಂತ ಕೆಲಸಕ್ಕೆ ಬರುವುದು ಹೀಗೆ 1896ಕ್ಕೆ ಮುಂಚಿನ ಸಾಮಾನಿಗೇ. 1860, 1864ರ ಲಿಂಕನ್ ಪದಕಗಳಲ್ಲಿ ಕಬ್ಬಿಣದ ತಗಡಿನ ಮೇಲೆ ತೆಗೆದ ಫೋಟೊ ಇರುತ್ತದೆ. ಅದಕ್ಕೆ ಫೆರೊಟೈಪ್ ಎನ್ನುತ್ತಾರೆ. ಸುತ್ತಲಿನ ಹಿತ್ತಾಳೆ ಬಳೆಗೆ ಅಯಸ್ಕಾಂತ ಅಂಟಬಾರದು, ನಡುವಿನ ಚಿತ್ರಕ್ಕೆ ಎಳೆತ ಗೊತ್ತಾಗಬೇಕು. ನಡುವೆಯೂ ಎಳೆಯದಿದ್ದರೆ ಒಳಗಿರುವುದು ಕಾಗದದ ಪ್ರತಿ. ಮುಟ್ಟಿಸಿ ಉಜ್ಜಬೇಡಿ, ಕೂದಲೆಳೆ ದೂರದಲ್ಲಿ ಹಿಡಿದರೆ ಸಾಕು. ಉಜ್ಜಿದರೆ ಚಿತ್ರದ ಪದರ ಒಣಗಿದ ಹಾಲಿನ ಕೆನೆಯ ಹಾಗೆ ಎದ್ದುಬರುತ್ತದೆ.

ಗುರುವಾರ: ಕ್ಯಾಂಟನ್

ಮೆಂಟರ್‌ನಿಂದ ದಕ್ಷಿಣಕ್ಕೆ ಎಂಬತ್ತು ಮೈಲಿ ಸಾಗಿದರೆ ಕ್ಯಾಂಟನ್. 1896ರಲ್ಲಿ ಮೆಕಿನ್ಲಿಯ ಜಗಲಿಗೆ 30 ರಾಜ್ಯಗಳಿಂದ ಸುಮಾರು ಏಳೂವರೆ ಲಕ್ಷ ಜನ ಬಂದರು. ರೈಲು ಕಂಪನಿಗಳು ಟಿಕೆಟ್ ದರ ಇಳಿಸಿದವು. ಬರುವ ತಂಡದ ಮುಖಂಡ ಏನು ಮಾತಾಡುತ್ತಾನೆ ಎಂಬುದನ್ನು ಮೆಕಿನ್ಲಿ ಮೊದಲೇ ತರಿಸಿಕೊಂಡು ತಿದ್ದಿ ಕಳಿಸುತ್ತಿದ್ದರು. ಅತ್ತ ಎದುರಾಳಿ ಬ್ರಯನ್ ರೈಲಿನಲ್ಲಿ 18,000 ಮೈಲಿ ಸುತ್ತಿ ಗಂಟಲು ಹರಿದುಕೊಂಡರು. ಮೆಕಿನ್ಲಿ ಮನೆಯ ಹುಲ್ಲುಹಾಸು ತುಳಿತಕ್ಕೆ ಸಿಕ್ಕಿ ಮಣ್ಣಾಯಿತು. ಬೇಲಿಯ ಕಡ್ಡಿಗಳನ್ನು ನೆನಪಿಗೆಂದು ಜನ ಕಿತ್ತುಕೊಂಡು ಹೋದರು. ಆ ಮನೆ ಈಗಿಲ್ಲ. 108 ಮೆಟ್ಟಿಲು ಹತ್ತಿ ನೋಡಬೇಕಾದ ಸಮಾಧಿ ಸ್ಮಾರಕ, ಅದರ ಪಕ್ಕದ ವಸ್ತುಸಂಗ್ರಹಾಲಯ ಎರಡೂ ಇವೆ. ಅರ್ಧ ದಿನ ಬೇಕು. ಬೇಲಿಯ ಕಡ್ಡಿ ಎಂದು ಯಾರಾದರೂ ಮಾರಲು ಬಂದರೆ ಮಾತ್ರ ನಕ್ಕು ಮುಂದೆ ಹೋಗಿ. ಮರದ ಕಡ್ಡಿಗೆ ಹೆಸರು ಬರೆದಿರುವುದಿಲ್ಲ.

ಈ ಹವ್ಯಾಸದ ಬೆನ್ನೆಲುಬು 1896ರ ಬಿಲ್ಲೆ. ಅದನ್ನು ಕಳಚಿದಂತೆ ಮನಸ್ಸಿನಲ್ಲಿ ನೋಡಿಕೊಳ್ಳಬೇಕು. ಮುಂದಿನಿಂದ ಹಿಂದಕ್ಕೆ ಹೋದರೆ ಐದು ಭಾಗ: ಪಾರದರ್ಶಕ ಸೆಲ್ಯುಲಾಯ್ಡ್ ಹಾಳೆ, ಅದರಡಿ ಮುದ್ರಿಸಿದ ಕಾಗದ, ಅದರಡಿ ಉಬ್ಬಿದ ಉಕ್ಕಿನ ತಗಡು, ಈ ಮೂರರ ಅಂಚನ್ನೂ ಒಳಕ್ಕೆ ಮಡಚಿ ಬಿಗಿಹಿಡಿಯುವ ಲೋಹದ ಬಳೆ, ಬಳೆಯೊಳಗೆ ಸಿಕ್ಕಿಸಿದ ಸ್ಪ್ರಿಂಗ್ ತಂತಿಯ ಪಿನ್ನು. ಬಳೆಗೆ ಸಂಗ್ರಾಹಕರ ಬಾಯಲ್ಲಿ ‘ಕಾಲೆಟ್’ ಎಂದು ಹೆಸರು. ಕೆಲವಕ್ಕೆ ಪಿನ್ನಿನ ಬದಲು ಕೋಟಿನ ಕಾಜಾಕ್ಕೆ ತೂರಿಸುವ ಗುಬುಟು ಇರುತ್ತದೆ, ಅದು ‘ಸ್ಟಡ್’. ಹಿಂಬದಿಯ ತಗ್ಗಿನಲ್ಲಿ ತಯಾರಕರ ಹೆಸರಿನ ದುಂಡು ಕಾಗದ ಇದ್ದರೆ ಅದು ‘ಬ್ಯಾಕ್‌ಪೇಪರ್’.

ಅತಿ ಹೆಚ್ಚು ಕಾಣುವ ಬ್ಯಾಕ್‌ಪೇಪರ್ ನ್ಯೂ ಜೆರ್ಸಿಯ ನೆವಾರ್ಕ್ ಪಟ್ಟಣದ ವೈಟ್‌ಹೆಡ್ ಅಂಡ್ ಹೋಗ್ ಕಂಪನಿಯದು. ಅದರಲ್ಲಿ 1896ರ ಏಪ್ರಿಲ್ 14, ಜುಲೈ 21ರ ಪೇಟೆಂಟ್ ದಿನಾಂಕಗಳಿರುತ್ತವೆ. ಹೊಸಬರು ಎಡವುವುದು ಇಲ್ಲೇ. ಅದು ಪೇಟೆಂಟ್ ಸಿಕ್ಕಿದ ದಿನ, ಬಿಲ್ಲೆ ತಯಾರಾದ ವರ್ಷವಲ್ಲ. ಅದೇ ದಿನಾಂಕದ ಕಾಗದವನ್ನು ಕಂಪನಿ ವರ್ಷಾನುಗಟ್ಟಲೆ ಹಾಕುತ್ತಾ ಹೋಯಿತು. ಇನ್ನೊಂದು ಮಾತು: ಕಾಗದ ಉದುರಿಹೋದ ಮಾತ್ರಕ್ಕೆ ಬಿಲ್ಲೆ ಖೋಟಾ ಅಲ್ಲ, ಕಾಗದ ಇದ್ದ ಮಾತ್ರಕ್ಕೆ ಅಸಲಿಯೂ ಅಲ್ಲ. ಎರಡು ಡಾಲರಿನ ಹಳೆ ಜಾಹೀರಾತು ಬಿಲ್ಲೆಯಿಂದ ಕಾಗದ ಕಿತ್ತು ಇನ್ನೊಂದರ ಬೆನ್ನಿಗೆ ತುರುಕುವುದು ಐದು ನಿಮಿಷದ ಕೆಲಸ. ಆ ವರ್ಷ ಸಿಗರೇಟು, ಚ್ಯೂಯಿಂಗ್ ಗಮ್ ಪೊಟ್ಟಣಗಳ ಜೊತೆಗೂ ಬಿಲ್ಲೆ ಕೊಡುತ್ತಿದ್ದರು. ಬೆನ್ನ ಮೇಲೆ ಪೆಪ್ಸಿನ್ ಗಮ್ ಜಾಹೀರಾತು ಕಂಡರೆ ಗಾಬರಿ ಬೇಡ.

ಒಂದು ಬಿಲ್ಲೆಯನ್ನು ಹತ್ತಿರದಿಂದ ನೋಡೋಣ. ಅಗಲ 7/8 ಇಂಚು, ನಮ್ಮ ಹಳೆಯ ನಾಲ್ಕಾಣೆಗಿಂತ ಸ್ವಲ್ಪ ದೊಡ್ಡದು. ಎಡಕ್ಕೆ ಮೆಕಿನ್ಲಿ, ಬಲಕ್ಕೆ ಉಪಾಧ್ಯಕ್ಷ ಅಭ್ಯರ್ಥಿ ಹೋಬಾರ್ಟ್. ಹೀಗೆ ಇಬ್ಬರ ಮುಖವೂ ಇರುವುದಕ್ಕೆ ‘ಜ್ಯೂಗೇಟ್’ ಎನ್ನುತ್ತಾರೆ. ಒಂಟಿಮುಖಕ್ಕಿಂತ ಇದಕ್ಕೆ ಬೆಲೆ ಜಾಸ್ತಿ. ಬೆಳಕಿಗೆ ವಾರೆಯಾಗಿ ಹಿಡಿದರೆ ಅಂಚಿನಲ್ಲಿ ಕೂದಲಿನಂಥ ಸೀಳು ಕಾಣುತ್ತದೆ. ಆ ಸೀಳಿನ ನೇರಕ್ಕೆ ಕಾಗದದ ಮೇಲೆ ಟೀ ಚೆಲ್ಲಿದಂಥ ಕಂದು ಕಲೆ. ತೇವ ಒಳನುಗ್ಗಿ, ಅಡಿಯ ಉಕ್ಕು ತುಕ್ಕು ಹಿಡಿದು, ಆ ತುಕ್ಕು ಕಾಗದಕ್ಕೆ ಹತ್ತಿದ ಗುರುತು ಅದು. ‘ಫಾಕ್ಸಿಂಗ್’ ಎಂದರೆ ಇದೇ. ಇದಕ್ಕೆ ಮದ್ದಿಲ್ಲ. ಮುಖದ ಮೇಲೆ ಬಂದಿದ್ದರೆ ಬೆಲೆ ಅರ್ಧಕ್ಕೂ ಕೆಳಗಿಳಿಯುತ್ತದೆ. ಈಗ ಅಂಚನ್ನು ಹೆಬ್ಬೆರಳಿನಿಂದ ಅರ್ಧ ನಿಮಿಷ ತೀಡಿ ಮೂಗಿನ ಹತ್ತಿರ ಹಿಡಿಯಿರಿ. ದೇವರ ಮನೆಯ ವಾಸನೆ ಬರುತ್ತದೆ. ಸೆಲ್ಯುಲಾಯ್ಡ್ ಮಾಡುವುದೇ ನೈಟ್ರೊಸೆಲ್ಯುಲೋಸ್‌ಗೆ ಕರ್ಪೂರ ಬೆರೆಸಿ. ಈಗಿನ ಪ್ಲಾಸ್ಟಿಕ್ ಹೊದಿಕೆಗೆ ಈ ಪರಿಮಳವಿಲ್ಲ. ಕಾಯಿಸಿದ ಸೂಜಿ ಚುಚ್ಚಿ ನೋಡಿ ಎಂದು ಹೇಳುವವರೂ ಇದ್ದಾರೆ. ಖಂಡಿತ ಮಾಡಬೇಡಿ, ಕರ್ಪೂರದ ಹಾಗೇ ಭಗ್ಗನೆ ಹೊತ್ತಿಕೊಳ್ಳುತ್ತದೆ.

ಕ್ಯಾಂಟನ್ ಸುತ್ತಮುತ್ತ ಎಡವಿ ಬೀಳುವ ಇನ್ನೊಂದು ಹಳ್ಳವೂ ಇದೆ. 1901ರ ಸೆಪ್ಟೆಂಬರ್‌ನಲ್ಲಿ ಮೆಕಿನ್ಲಿ ಗುಂಡೇಟಿನಿಂದ ತೀರಿಕೊಂಡಾಗ ಕಪ್ಪಂಚಿನ ಶೋಕದ ಬಿಲ್ಲೆಗಳು ರಾಶಿ ರಾಶಿ ಬಂದವು. ಅವು ಪ್ರಚಾರದ ಬಿಲ್ಲೆಗಳಲ್ಲ, ಅಪರೂಪವೂ ಅಲ್ಲ. ‘1900ರ ಚುನಾವಣೆಯದು’ ಎಂದು ಮಾರುವವರ ಮುಂದೆ ಕಪ್ಪಂಚನ್ನು ಬೆರಳಿಟ್ಟು ತೋರಿಸಿದರೆ ದರ ತಾನಾಗಿ ಇಳಿಯುತ್ತದೆ. 1896ರ ಚಿನ್ನದ ಬಣ್ಣದ ಜೀರುಂಡೆ ಪಿನ್ನು ಸಿಕ್ಕರೆ ಮಾತ್ರ ನಿಂತು ನೋಡಿ. ಚಿನ್ನದ ನಾಣ್ಯಮಾನದ (ಹಣದ ಮೌಲ್ಯಕ್ಕೆ ಚಿನ್ನವೊಂದೇ ಆಧಾರ ಎಂಬ ಪದ್ಧತಿಯ) ಪರ ಇದ್ದವರ ಗುರುತು ಅದು; ಬೆಳ್ಳಿ ಬೇಕೆಂದ ಬ್ರಯನ್ ಕಡೆಯವರದು ಬೆಳ್ಳಿ ಬಣ್ಣದ ಜೀರುಂಡೆ. ಒಳ್ಳೆಯ ನಮೂನೆಯಲ್ಲಿ ಬಾಲ ಒತ್ತಿದರೆ ರೆಕ್ಕೆ ಬಿಚ್ಚಿ ಒಳಗೆ ಅಭ್ಯರ್ಥಿಗಳಿಬ್ಬರ ಫೋಟೊ ಕಾಣಿಸುತ್ತದೆ. ಸ್ಪ್ರಿಂಗ್ ಮುರಿದದ್ದೇ ಹೆಚ್ಚು. ಕೊಳ್ಳುವ ಮೊದಲು ಒತ್ತಿ ತೋರಿಸಲು ಮಾರುವವನಿಗೇ ಹೇಳಿ. ನಿಮ್ಮ ಕೈಯಲ್ಲಿ ಮುರಿದರೆ ದುಡ್ಡು ನಿಮ್ಮದೇ.

ಶುಕ್ರವಾರ: ಹಾರ್ಟ್‌ವಿಲ್ ಸಂತೆ

ಕ್ಯಾಂಟನ್‌ನಿಂದ ಉತ್ತರಕ್ಕೆ ಹತ್ತು ಹನ್ನೆರಡು ಮೈಲಿ. ಹಳೆ ಸಾಮಾನಿನ ಸಂತೆ ಸೋಮವಾರ, ಗುರುವಾರ, ಶುಕ್ರವಾರ, ಶನಿವಾರ ನೆರೆಯುತ್ತದೆ. ಬಯಲಿನ ಮೇಜುಗಳಲ್ಲಿ ಒಳ್ಳೆಯದೇನಿದ್ದರೂ ಬೆಳಗಿನ ತಂಪಿನಲ್ಲೇ ಕೈ ಬದಲಾಗುತ್ತದೆ. ಎಂಟು ಗಂಟೆಗೆ ಹೋದವರಿಗೆ ಸಿಗುವುದು ಇನ್ನೊಬ್ಬರು ನೋಡಿ ಬಿಟ್ಟದ್ದು.

ಇಲ್ಲಿ ಬಿಲ್ಲೆಗಳು ಮೂರು ಜಾಗದಲ್ಲಿರುತ್ತವೆ. ಬೀಗ ಹಾಕಿದ ಗಾಜಿನ ಪೆಟ್ಟಿಗೆಯಲ್ಲಿರುವುದಕ್ಕೆ ಮಾರುವವನು ಬೆಲೆ ವಿಚಾರಿಸಿಯೇ ಇಟ್ಟಿರುತ್ತಾನೆ. ಹತ್ತಿಯ ಹಲಗೆಗೆ ಸಾಲಾಗಿ ಚುಚ್ಚಿದ್ದು ಅರ್ಧಂಬರ್ಧ ತಿಳಿದವನದು. ಬಿಸ್ಕತ್ತಿನ ಡಬ್ಬಿಯಲ್ಲಿ ಹೊಲಿಗೆ ಗುಂಡಿ, ಸ್ಕೌಟ್ ಬ್ಯಾಡ್ಜು, ಬೀಗದಕೈಗಳ ಜೊತೆ ಕಲಸಿಹೋದದ್ದೇ ಕೈ ಹಾಕಬೇಕಾದ ಜಾಗ. ಐಸೆನ್‌ಹೋವರ್‌ರ ‘ಐ ಲೈಕ್ ಐಕ್’ ತಗಡು ಬಿಲ್ಲೆ, 1940ರಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟ್ ವಿರುದ್ಧ ನಿಂತ ವಿಲ್ಕಿ ಕಡೆಯವರು ಹಂಚಿದ ‘ಮೂರನೇ ಅವಧಿ ಬೇಡ’ ಎಂಬ ಅರ್ಥದ ಘೋಷಣೆ ಬಿಲ್ಲೆ, ನಿಕ್ಸನ್, ಕಾರ್ಟರ್ ಇವೆಲ್ಲ ಕೆಲವೇ ಡಾಲರಿಗೆ ಬರುತ್ತವೆ. ಕಲಿಯುವವರು ಇವುಗಳಿಂದಲೇ ಶುರುಮಾಡಬೇಕು. ಐದು ಡಾಲರಿನ ತಪ್ಪು ಮಾಡಿದರೆ ಪಾಠ ಅಗ್ಗದಲ್ಲಿ ಆಯಿತು.

1972ರ ಅಧ್ಯಕ್ಷ ಅಭ್ಯರ್ಥಿ ಮೆಗವರ್ನ್, ಉಪಾಧ್ಯಕ್ಷ ಅಭ್ಯರ್ಥಿ ಈಗಲ್‌ಟನ್ ಇಬ್ಬರ ಜ್ಯೂಗೇಟಿನ ಕಥೆ ಪ್ರತಿ ಮೇಜಿನಲ್ಲೂ ಕೇಳುತ್ತದೆ. ‘ಈಗಲ್‌ಟನ್ ಮೂರು ವಾರಕ್ಕೇ ಕಣದಿಂದ ಹೊರಬಿದ್ದರು, ಅದಕ್ಕೇ ಇದು ಅಪರೂಪ’ ಎನ್ನುತ್ತಾರೆ. ಹೊರಬಿದ್ದದ್ದು ನಿಜ. ಆದರೆ ಆ ಸುದ್ದಿಯಿಂದಲೇ ಜನ ಅದನ್ನು ಜೋಪಾನ ಮಾಡಿದರು, ಹಾಗಾಗಿ ಅದು ಬೇಕಾದಷ್ಟಿದೆ. ಅಪರೂಪವಾಗುವುದು ಯಾರೂ ಎತ್ತಿಡದೆ, ಮತದಾನದ ಮಾರನೇ ದಿನ ಕಸಕ್ಕೆ ಹೋದದ್ದು.

ಈಗ ನಕಲಿಯ ವಿಷಯ. ಇಡೀ ಪ್ರವಾಸದಲ್ಲಿ ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೆ.

ಸಂತೆಯ ನಕಲಿಗಳಲ್ಲಿ ಬಹುಪಾಲು ಮೋಸಕ್ಕೆಂದು ಹುಟ್ಟಿದವಲ್ಲ. 1968ರಲ್ಲಿ ಕ್ಲೀನೆಕ್ಸ್ ಕಾಗದದ ಕಂಪನಿ, 1972ರಲ್ಲಿ ಅಮೆರಿಕನ್ ಆಯಿಲ್ ಕಂಪನಿ ಹಳೆಯ ಚುನಾವಣೆಗಳ ಬಿಲ್ಲೆಗಳನ್ನು ಮರುಮುದ್ರಿಸಿ ಗಿರಾಕಿಗಳಿಗೆ ಕೊಟ್ಟವು. ಅಂಚಿನ ಮಡಿಕೆಯಲ್ಲಿ ಸಣ್ಣ ಅಕ್ಷರದಲ್ಲಿ ಕ್ಲೀನೆಕ್ಸ್ ಹೆಸರೋ, ‘ಎ-ಒ-1972’ ಎಂದೋ ಅಚ್ಚಾಗಿರುತ್ತದೆ. ಐವತ್ತು ವರ್ಷ ಕಳೆದು ಅವೂ ಹಳತಾಗಿ, ತುಕ್ಕು ಹಿಡಿದು, ಅಜ್ಜನ ಡಬ್ಬಿಯಿಂದಲೇ ಹೊರಬರುತ್ತಿವೆ. ಮಾರುವವನು ಸುಳ್ಳು ಹೇಳುತ್ತಿಲ್ಲ, ಡಬ್ಬಿ ಅಜ್ಜನದೇ. ಅಂಚಿನ ಅಕ್ಷರವನ್ನು ಕೆಲವರು ಅರದಿಂದ ತೀಡಿರುತ್ತಾರೆ. ಸುತ್ತ ಬಣ್ಣವಿದ್ದು ಒಂದೇ ಕಡೆ ಬರಿ ತಗಡು ಹೊಳೆಯುತ್ತಿದ್ದರೆ ಆ ಬಿಲ್ಲೆ ಮುಟ್ಟಬೇಡಿ.

ಅಕ್ಷರ ಕಾಣದಿದ್ದರೂ ಕೈಬಿಡದ ಸೂತ್ರ ಒಂದಿದೆ. ತಗಡಿನ ಮೇಲೆ ನೇರವಾಗಿ ಮುದ್ರಿಸುವ ‘ಲಿಥೊ’ ಬಿಲ್ಲೆ ಅಧ್ಯಕ್ಷ ಚುನಾವಣೆಗಳಲ್ಲಿ ಚಾಲ್ತಿಗೆ ಬಂದದ್ದು ಮೊದಲ ಮಹಾಯುದ್ಧದ ಆಸುಪಾಸಿನಲ್ಲಿ. ಅಂದರೆ ಮೆಕಿನ್ಲಿ, ಬ್ರಯನ್, ಥಿಯೊಡೋರ್ ರೂಸ್‌ವೆಲ್ಟರ 1896, 1900, 1904ರ ಬಿಲ್ಲೆ ಲಿಥೊ ಆಗಿದ್ದರೆ ಅದು ನಕಲಿ. ಇನ್ನೊಂದು ಪರೀಕ್ಷೆ ಬೇಡ. ಲಿಥೊ ಗುರುತಿಸಲು ಬಿಲ್ಲೆಯನ್ನು ಮಗುಚಿ. ಮುಂದಿನ ಬಣ್ಣದ ತಗಡೇ ಹಿಂದಕ್ಕೆ ಮಡಚಿಕೊಂಡಿರುತ್ತದೆ, ಬೇರೆ ಬಳೆ ಇರುವುದಿಲ್ಲ. ಮುಂಭಾಗ ಕೆನ್ನೆಗೆ ತಾಗಿಸಿದರೆ ಲಿಥೊ ತಣ್ಣಗಿರುತ್ತದೆ, ಸೆಲ್ಯುಲಾಯ್ಡ್ ಅಷ್ಟು ತಣ್ಣಗಿರುವುದಿಲ್ಲ. ಲಿಥೊ ಮೇಲಿನ ಗೀರಿನಲ್ಲಿ ಲೋಹ ಮಿನುಗುತ್ತದೆ.

ನಕಲಿ ಸೆಲ್ಯುಲಾಯ್ಡ್ ಆಗಿದ್ದರೆ ಮಸೂರ ತೆಗೆಯಬೇಕು. ಮೂಲ ಬಿಲ್ಲೆಯನ್ನು ಫೋಟೊ ತೆಗೆದು ಮರುಮುದ್ರಿಸಿದ್ದರಲ್ಲಿ ಮೀಸೆ, ಹುಬ್ಬಿನ ಕೂದಲು ಒಂದಕ್ಕೊಂದು ಕೂಡಿ ಮೆತ್ತಿಕೊಂಡಿರುತ್ತದೆ. 1900ರ ಸುಮಾರಿನ ಬಣ್ಣದ ಕಲ್ಲಚ್ಚಿನಲ್ಲಿ ಚುಕ್ಕೆಗಳು ಕೈಯಲ್ಲಿ ಚೆಲ್ಲಿದಂತೆ ಅಡ್ಡಾದಿಡ್ಡಿ. ಇತ್ತೀಚಿನ ಮುದ್ರಣದಲ್ಲಿ ನೀಲಿ, ಗುಲಾಬಿ, ಹಳದಿ, ಕಪ್ಪು ಚುಕ್ಕೆಗಳು ಹೂವಿನೆಸಳಿನ ಹಾಗೆ ಲೆಕ್ಕ ಹಾಕಿ ಸುತ್ತುಗಟ್ಟಿರುತ್ತವೆ. ಇಂಕ್‌ಜೆಟ್ ಆಗಿದ್ದರೆ ಅಕ್ಷರದ ಅಂಚಿನ ಸುತ್ತ ಮಂಜು ಹನಿಸಿದಂತೆ ಬಣ್ಣದ ಧೂಳು. ಕೊನೆಗೆ ಅತಿನೇರಳೆ ಟಾರ್ಚು. 1950ರ ದಶಕದಿಂದೀಚಿನ ಕಾಗದಕ್ಕೆ ಬಿಳುಪು ಹೆಚ್ಚಿಸುವ ರಾಸಾಯನಿಕ ಸೇರಿಸುವುದು ರೂಢಿ. ಕತ್ತಲಲ್ಲಿ ಆ ಬೆಳಕು ಬಿದ್ದರೆ ಅದು ನೀಲವರ್ಣವಾಗಿ ಹೊಳೆಯುತ್ತದೆ. ಹಳೆಯ ಕಾಗದ ಮಂಕಾಗಿಯೇ ಇರುತ್ತದೆ. ಹೊಳೆಯಿತೆಂದರೆ ನಕಲಿ. ಹೊಳೆಯಲಿಲ್ಲ ಎಂದ ಮಾತ್ರಕ್ಕೆ ಅಸಲಿ ಎಂದು ಹೇಳುವ ಹಾಗಿಲ್ಲ, ಈಗಲೂ ಆ ರಾಸಾಯನಿಕವಿಲ್ಲದ ಕಾಗದ ಸಿಗುತ್ತದೆ.

ಇದಲ್ಲದೆ ‘ಫ್ಯಾಂಟಸಿ’ ಎಂಬ ಜಾತಿಯಿದೆ. ಆ ಚುನಾವಣೆಯಲ್ಲಿ ಇರಲೇ ಇಲ್ಲದ ವಿನ್ಯಾಸವನ್ನು ಆಮೇಲೆ ಯಾರೋ ಹುಟ್ಟುಹಾಕಿದ್ದು. ಹೋಲಿಸಲು ಮೂಲವೇ ಇಲ್ಲದ್ದರಿಂದ ಹಿಡಿಯುವುದು ಕಷ್ಟ. 1945ರಿಂದ ಇರುವ ಅಮೆರಿಕನ್ ಪೊಲಿಟಿಕಲ್ ಐಟಮ್ಸ್ ಕಲೆಕ್ಟರ್ಸ್ ಸಂಘ ಇಂಥ ಎಲ್ಲ ಖೋಟಾ ಮಾಲಿಗೆ ‘ಬ್ರಮ್ಮಜೆಮ್’ ಎಂದು ಹೆಸರಿಟ್ಟು ಪಟ್ಟಿ ಮಾಡಿದೆ. ಸದಸ್ಯತ್ವದ ದುಡ್ಡು ಆ ಪಟ್ಟಿಯೊಂದರಿಂದಲೇ ವಸೂಲಿ. ಅಸಲಿ ವಿನ್ಯಾಸಗಳಿಗೆ ಬಿಲ್ಲೆಗಳ ಕೈಪಿಡಿ ಬರೆದ ಟೆಡ್ ಹೇಕ್ ಕೊಟ್ಟ ಕ್ರಮಸಂಖ್ಯೆಗಳೇ ವ್ಯಾಪಾರದ ಭಾಷೆ. ಮಾರುವವನು ಹೇಕ್ ಸಂಖ್ಯೆ ಹೇಳಿದರೆ ಚಿತ್ರ, ಅಗಲ ಎರಡನ್ನೂ ತಾಳೆ ನೋಡಿ. 7/8 ಇಂಚು ಎಂದಿರುವ ಕಡೆ ಒಂದಿಂಚು ಬಂದರೆ ಅಲ್ಲಿಗೆ ಮಾತು ಮುಗಿಯಿತು.

1973ರ ಹವ್ಯಾಸ ರಕ್ಷಣಾ ಕಾಯ್ದೆ ಬಂದ ಮೇಲೆ ರಾಜಕೀಯ ವಸ್ತುವಿನ ನಕಲು ಮಾಡಿದರೆ ತಯಾರಿಸಿದ ವರ್ಷವನ್ನು ಅಳಿಸಲಾಗದಂತೆ ಅದರ ಮೇಲೇ ಹಾಕಬೇಕು. ಕಾಯ್ದೆಗೆ ಮುಂಚೆಯೇ ಹುಟ್ಟಿದ ಮೇಲಿನ ಸೆಟ್ಟುಗಳಿಗೆ ಇದು ತಾಗುವುದಿಲ್ಲ, ತೊಂದರೆ ಕೊಡುವುದೂ ಅವೇ.

ಚೌಕಾಸಿಯ ರೀತಿ ನಮ್ಮೂರಿನ ಸಂತೆಗಿಂತ ತಗ್ಗಿದ ದನಿಯದು. ಅರ್ಧಕ್ಕೆ ಕೇಳಿದರೆ ಮುನಿಸಿಕೊಳ್ಳುತ್ತಾರೆ. ನಾಲ್ಕೈದು ಬಿಲ್ಲೆ ಒಟ್ಟು ಸೇರಿಸಿ ‘ಇಷ್ಟಕ್ಕೂ ಸೇರಿ ನಿಮ್ಮ ಕೊನೆಯ ರೇಟು ಎಷ್ಟು?’ ಎಂದು ಕೇಳುವುದು ವಾಡಿಕೆ; ನೂರಕ್ಕೆ ಹತ್ತು ಇಪ್ಪತ್ತು ಇಳಿಯುತ್ತದೆ. ಫಾಕ್ಸಿಂಗ್, ಸೀಳು ತೋರಿಸಿ ಸುಮ್ಮನೆ ನಿಂತರೆ ಇನ್ನೊಂದಿಷ್ಟು.

ಶನಿವಾರ: ಮೇರಿಯನ್

ಕ್ಯಾಂಟನ್‌ನಿಂದ 30ನೇ ಹೆದ್ದಾರಿ ಹಿಡಿದು ಮ್ಯಾನ್ಸ್‌ಫೀಲ್ಡ್, ಬ್ಯುಸೈರಸ್ ದಾಟಿ ಪಶ್ಚಿಮಕ್ಕೆ ನೂರು ಮೈಲಿಯ ದಾರಿ. ಜೋಳದ ಹೊಲ, ಸೋಯಾ ಹೊಲ, ಮತ್ತೆ ಜೋಳದ ಹೊಲ.

ಹಾರ್ಡಿಂಗ್ ಮನೆಯ ದುಂಡು ಜಗಲಿ 1920ರಲ್ಲಿ ಸುಮಾರು ಆರು ಲಕ್ಷ ಜನರನ್ನು ಕಂಡಿತು. ಮೆಕಿನ್ಲಿಯ ಗಾಳಿ ತಮಗೂ ಬೀಸಲಿ ಎಂದು ಕ್ಯಾಂಟನ್‌ನ ಮನೆಯಂಗಳದಲ್ಲಿದ್ದ ಧ್ವಜಸ್ತಂಭವನ್ನೇ ತರಿಸಿ ಇಲ್ಲಿ ನೆಟ್ಟರು. ಎದುರಾಳಿ ಜೇಮ್ಸ್ ಕಾಕ್ಸ್ ಕೂಡ ಒಹಾಯೊದವರೇ, ಹಾರ್ಡಿಂಗ್‌ರಂತೆ ಪತ್ರಿಕೆಯ ಒಡೆಯರೇ. ಕಾಕ್ಸ್ ಜೊತೆ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿದ್ದವರು 38 ವರ್ಷದ ಫ್ರಾಂಕ್ಲಿನ್ ರೂಸ್‌ವೆಲ್ಟ್.

ಈ ಹವ್ಯಾಸದ ಕೋಹಿನೂರ್ ಇದೇ ಜೋಡಿಯದು. ಕಾಕ್ಸ್-ರೂಸ್‌ವೆಲ್ಟ್ ಜ್ಯೂಗೇಟ್ ಉಳಿದಿರುವುದು ಕೈಬೆರಳೆಣಿಕೆಯ ವಿನ್ಯಾಸಗಳಲ್ಲಿ, ತೀರಾ ಕಡಿಮೆ ಸಂಖ್ಯೆಯಲ್ಲಿ. 2022ರ ಒಂದು ಹರಾಜಿನಲ್ಲಿ ಒಂದು ಬಿಲ್ಲೆ ಒಂದೂವರೆ ಲಕ್ಷ ಡಾಲರಿಗೂ ಮೇಲೆ ಹೋಯಿತು. ಕಾಕ್ಸ್ ಪಕ್ಷದ ಕೈಯಲ್ಲಿ ದುಡ್ಡಿರಲಿಲ್ಲ, ಗೆಲ್ಲುವ ಆಸೆಯೂ ಅಷ್ಟಕ್ಕಷ್ಟೆ, ಮಾಡಿಸಿದ ಬಿಲ್ಲೆಗಳಲ್ಲಿ ಬರೀ ಹೆಸರಿನವೇ ಹೆಚ್ಚು. ಹಾರ್ಡಿಂಗ್‌ಗೆ ಶೇ. 60, ಕಾಕ್ಸ್‌ಗೆ ಶೇ. 34 ಮತ ಬಿತ್ತು. ಸೋತವರ ಬಿಲ್ಲೆಯನ್ನು ಪೆಟ್ಟಿಗೆಯಲ್ಲಿ ಕಟ್ಟಿಡುವ ಉತ್ಸಾಹ ಯಾರಿಗೂ ಇರಲಿಲ್ಲ. ಇಷ್ಟು ಬೆಲೆಯಿದ್ದರೂ ಒಹಾಯೊದ ಸಂತೆಗಳಲ್ಲಿ ಕಾಕ್ಸ್-ರೂಸ್‌ವೆಲ್ಟ್ ಜೋಡಿ ಆಗಾಗ ಕಾಣಸಿಗುತ್ತದೆ. ಕಾರಣ ನಿನ್ನೆಯೇ ಹೇಳಿದ್ದು, ಅರವತ್ತು ಎಪ್ಪತ್ತರ ದಶಕದ ನಕಲಿ ಸೆಟ್ಟುಗಳಲ್ಲಿ ಅದೂ ಸೇರಿತ್ತು. 1920ರಲ್ಲಿ ಲಿಥೊ ಇತ್ತಲ್ಲ ಎಂದು ಇಲ್ಲಿ ನಮ್ಮ ಸೂತ್ರ ಕೈಕೊಡುತ್ತದೆ. ಆಗ ಅಂಚಿನ ಅಕ್ಷರ, ಅಗಲ, ಮಸೂರ ಇವಷ್ಟೇ ಗತಿ. ಹತ್ತು ಡಾಲರಿಗೆ ಕಾಕ್ಸ್ ಜೋಡಿ ಕೊಟ್ಟರೆ ಹತ್ತು ಡಾಲರಿನದೇ ಎಂದು ತಿಳಿದು ಬೇಕಾದರೆ ಕೊಳ್ಳಿ.

ಕೈಗೆಟುಕುವ ಗುರಿ ಬೇಕೆಂದರೆ 1920ರಲ್ಲೇ ಅಟ್ಲಾಂಟದ ಸೆರೆಮನೆಯಿಂದ ಸ್ಪರ್ಧಿಸಿದ ಸಮಾಜವಾದಿ ಯೂಜೀನ್ ಡೆಬ್ಸ್ ಇದ್ದಾರೆ. ‘ಅಧ್ಯಕ್ಷ ಸ್ಥಾನಕ್ಕೆ ಕೈದಿ ಸಂಖ್ಯೆ 9653’ ಎಂದು ಬಿಲ್ಲೆಯ ಮೇಲೇ ಬರೆಸಿದರು. ಒಂಬತ್ತು ಲಕ್ಷಕ್ಕೂ ಹೆಚ್ಚು ಮತ ಬಿತ್ತು. ಅಗ್ಗವಲ್ಲ, ಆದರೆ ಮನೆ ಮಾರಬೇಕಾಗಿಲ್ಲ. ನಕಲಿ ಇದಕ್ಕೂ ಇದೆ.

ಇನ್ನೂ ಒಂದು ದಾರಿ ‘ಕೋಟ್‌ಟೇಲ್’. ಅಧ್ಯಕ್ಷ ಅಭ್ಯರ್ಥಿಯ ಪಕ್ಕದಲ್ಲಿ ಊರಿನ ಗವರ್ನರೋ ಸಂಸದನೋ ಬಾಲ ಹಿಡಿದು ನಿಂತಿರುವ ಬಿಲ್ಲೆ. ಒಂದೇ ರಾಜ್ಯದಲ್ಲಿ ಹಂಚಿದ್ದರಿಂದ ಸಂಖ್ಯೆ ಕಡಿಮೆ. ಆ ಊರಿನಾಚೆ ಗೊತ್ತಿಲ್ಲದ ಹೆಸರಾದ್ದರಿಂದ ಸಂತೆಯಲ್ಲಿ ಬೆಲೆಯೂ ಕಡಿಮೆ. ನಮ್ಮನ್ನು ಕೇಳಿದರೆ ಹೊಸಬರು ಒಂದು ರಾಜ್ಯ, ಒಂದು ದಶಕ ಹಿಡಿದು ಕೋಟ್‌ಟೇಲ್ ಕೂಡಿಸುವುದೇ ಲೇಸು. ಎಲ್ಲ ಅಧ್ಯಕ್ಷರದೂ ಒಂದೊಂದು ಬೇಕು ಎಂದು ಹೊರಟವರು ಕಾಕ್ಸ್ ಬಳಿ ಬಂದು ನಿಲ್ಲುತ್ತಾರೆ.

ಭಾನುವಾರ: ಫ್ರೀಮಾಂಟ್

ಅಪ್ಪರ್ ಸ್ಯಾಂಡಸ್ಕಿ, ಟಿಫಿನ್ ಮಾರ್ಗವಾಗಿ ಉತ್ತರಕ್ಕೆ ಅರವತ್ತು ಮೈಲಿ ಚಿಲ್ಲರೆ. (ಟಿಫಿನ್ ಎಂಬ ಊರಿನಲ್ಲಿ ಟಿಫಿನ್ ಮಾಡದೆ ಮುಂದೆ ಹೋಗುವುದು ನ್ಯಾಯವಲ್ಲ.) ಫ್ರೀಮಾಂಟ್‌ನ ಸ್ಪೀಗಲ್ ಗ್ರೋವ್ ತೋಪಿನಲ್ಲಿ ರುದರ್‌ಫರ್ಡ್ ಹೇಯ್ಸ್ ಮನೆ ಮತ್ತು 1916ರಲ್ಲಿ ತೆರೆದ ಗ್ರಂಥಾಲಯವಿದೆ, ಅಧ್ಯಕ್ಷರ ಹೆಸರಿನ ಗ್ರಂಥಾಲಯಗಳಲ್ಲಿ ಇದೇ ಮೊದಲನೆಯದು. ತೋಪಿನ ಕಬ್ಬಿಣದ ಗೇಟುಗಳು ಒಂದು ಕಾಲಕ್ಕೆ ಶ್ವೇತಭವನದವು. ಭಾನುವಾರ ಬಾಗಿಲು ತೆರೆಯುವ ಹೊತ್ತನ್ನು ಮೊದಲೇ ನೋಡಿಕೊಳ್ಳಿ.

1876ರಲ್ಲಿ ಹೇಯ್ಸ್ ಗೆದ್ದದ್ದು ರಾಜ್ಯಗಳ ಪ್ರತಿನಿಧಿಗಳು ಹಾಕುವ ಎಲೆಕ್ಟೊರಲ್ ಮತಗಳಲ್ಲಿ 185-184ರ ಒಂದೇ ಒಂದು ಮತದಿಂದ. ಜನಮತ ಹೆಚ್ಚಿದ್ದದ್ದು ಎದುರಾಳಿ ಟಿಲ್ಡನ್‌ಗೆ. ಆ ಕಾಲದಲ್ಲಿ ಮತಪತ್ರವನ್ನು ಸರ್ಕಾರ ಮುದ್ರಿಸುತ್ತಿರಲಿಲ್ಲ. ಪ್ರತಿ ಪಕ್ಷವೂ ತನ್ನ ಅಭ್ಯರ್ಥಿಗಳ ಹೆಸರಿನ ಉದ್ದನೆಯ ಚೀಟಿ ಅಚ್ಚು ಹಾಕಿಸಿ ಹಂಚುತ್ತಿತ್ತು, ಮತದಾರ ಅದನ್ನೇ ಪೆಟ್ಟಿಗೆಗೆ ಹಾಕುತ್ತಿದ್ದ. 1888ರಿಂದ ಸರ್ಕಾರಿ ಮತಪತ್ರ ಬರತೊಡಗಿ ಈ ಚೀಟಿಗಳು ಮಾಯವಾದವು. ಹದ್ದು, ಬಾವುಟ, ಬಣ್ಣದ ಹಿನ್ನೆಲೆ ಇರುವ ಈ ಚೀಟಿಗಳು ನಮ್ಮ ಲೆಕ್ಕದಲ್ಲಿ ಇಡೀ ಹವ್ಯಾಸದಲ್ಲೇ ಕಡಿಮೆ ಬೆಲೆಗೆ ಸಿಗುವ ಚೆಂದದ ವಸ್ತು. ಹಳೆಯ ಚಿಂದಿಬಟ್ಟೆಯ ಕಾಗದ ಮಡಚಿದರೂ ಮೆತ್ತಗಿರುತ್ತದೆ. ಅಪ್ಪಳದಂತೆ ಸದ್ದು ಮಾಡುವ, ಒಂದೇ ಸಮ ಕಂದು ಬಣ್ಣದ ಗರಿಗರಿ ಹಾಳೆ ಪ್ರವಾಸಿಗರ ಅಂಗಡಿಯದು.

ರೇಷ್ಮೆ ರಿಬ್ಬನ್ನಿಗೆ ಬೇರೆಯೇ ಕಾಯಿಲೆ. ತೂಕ ಬರಲೆಂದು ಆಗ ರೇಷ್ಮೆಗೆ ಲೋಹದ ಲವಣ ಕುಡಿಸುತ್ತಿದ್ದರು. ಆ ಲವಣ ಎಳೆಗಳನ್ನು ಒಳಗಿಂದಲೇ ತಿಂದು, ಒಂದು ದಿನ ಮಡಿಕೆಯ ನೇರಕ್ಕೆ ಗಾಜಿನಂತೆ ಬಿರಿಯುತ್ತದೆ. ಬಿರಿದದ್ದನ್ನು ಇಸ್ತ್ರಿ ಮಾಡಿದರೆ ಪುಡಿ. ಮೊದಲು ಎರಡು ತುದಿ ಹಿಡಿದು ಎತ್ತಬೇಡಿ, ಅಡಿಗೆ ರಟ್ಟು ಸರಿಸಿ ರಟ್ಟಿನ ಸಮೇತ ಎತ್ತಿ.

ರಾತ್ರಿ ಮೆರವಣಿಗೆಯ ಪಂಜುಗಳನ್ನೂ ಇಲ್ಲಿಗೆ ಬಂದಾಗ ನೋಡಬೇಕು. ತಗಡಿನ ಎಣ್ಣೆ ಬುರುಡೆ, ಕೋಲು ವಾಲಿದರೂ ಬುರುಡೆ ನೆಟ್ಟಗೆ ನಿಲ್ಲುವಂತೆ ಎರಡು ಬದಿಗೂ ತಿರುಗಣೆ. ಆ ತಿರುಗಣೆ ಇಲ್ಲದಿದ್ದರೆ ಅದು ಬಹುತೇಕ ರೈಲ್ವೆ ಕೆಲಸಗಾರರ ದೀಪ. ಎಷ್ಟೋ ಅಂಗಡಿಯಲ್ಲಿ ಅದನ್ನೇ ‘ಲಿಂಕನ್ ಪಂಜು’ ಎಂದು ಮಾರುತ್ತಾರೆ. ಹಳೆಯ ಕೋಲು ಉಳಿದಿರುವುದು ಕಡಿಮೆ, ಹೊಸ ಕೋಲಿಗೆ ಹಳೆ ಬುರುಡೆ ಸಿಕ್ಕಿಸಿದ್ದರೆ ತಪ್ಪೇನಿಲ್ಲ, ಬೆಲೆಯಲ್ಲಿ ಮಾತ್ರ ಕೋಲನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಸೋಮವಾರ: ಮತ್ತೆ ಕ್ಲೀವ್‌ಲೆಂಡ್, ಗಂಟು ಕಟ್ಟುವ ದಿನ

ಹೋಟೆಲಿನ ಮೇಜಿನ ಮೇಲೆ ಬಿಳಿ ಟವೆಲ್ ಹಾಸಿ ಎಲ್ಲವನ್ನೂ ಮೊದಲು ಮಗುಚಿ ಇಡಿ. ಮುಖ ಕಾಣದೆ ಬೆನ್ನು ಮಾತ್ರ ನೋಡಿದಾಗ ಸಂತೆಯ ಗಡಿಬಿಡಿಯಲ್ಲಿ ತಪ್ಪಿಸಿಕೊಂಡದ್ದು ಕಣ್ಣಿಗೆ ಬೀಳುತ್ತದೆ: ಹೊಸದಾಗಿ ಸಿಕ್ಕಿಸಿದ ಪಿನ್ನು, ತೀಡಿದ ಅಂಚು, ಹೊಂದಿಕೆಯಾಗದ ಬ್ಯಾಕ್‌ಪೇಪರ್. ಪ್ರತಿಯೊಂದಕ್ಕೂ ಒಂದು ಚೀಟಿ ಬರೆಯಿರಿ: ಅಗಲ, ತಯಾರಕ, ದೋಷ, ಕೊಂಡ ಜಾಗ, ದಿನ, ಕೊಟ್ಟ ದುಡ್ಡು. ಅಂಟುವ ಚೀಟಿಯನ್ನು ಬಿಲ್ಲೆಯ ಬೆನ್ನಿಗೆ ಹಚ್ಚಬೇಡಿ. ಚೀಟಿ ಪೊಟ್ಟಣದೊಳಗೆ ಸಡಿಲವಾಗಿರಲಿ.

ಒರೆಸುವುದೇನಿದ್ದರೂ ಒಣ ಬಟ್ಟೆಯಲ್ಲಿ. ಒದ್ದೆ ಬಟ್ಟೆ ಸೋಕಿದರೆ ನೀರು ಬಳೆಯ ಸಂದಿಯಿಂದ ಒಳಗಿಳಿದು ಕಾಗದದ ಮೇಲೆ ಅಲೆಯ ಗುರುತು ಬಿಡುತ್ತದೆ, ವಾರ ಕಳೆದು ತುಕ್ಕೂ ಏಳುತ್ತದೆ. ಪಿನ್ನಿನ ತಂತಿಯನ್ನು ನೆಟ್ಟಗೆ ಮಾಡಲು ಬಗ್ಗಿಸಿದರೆ ಬಳೆ ಸಡಿಲವಾಗಿ ಸೆಲ್ಯುಲಾಯ್ಡ್ ಅಂಚು ಬಿಚ್ಚಿಕೊಳ್ಳುತ್ತದೆ.

ಇಡುವುದಕ್ಕೆ ರೈಕರ್ ಪೆಟ್ಟಿಗೆ ಒಳ್ಳೆಯದು: ಗಾಜಿನ ಮುಚ್ಚಳದ ಚಪ್ಪಟೆ ಡಬ್ಬಿ, ಒಳಗೆ ಅರಳೆಯಂಥ ಹಾಸು. 8×12 ಇಂಚಿನದರಲ್ಲಿ 7/8 ಇಂಚಿನ ಬಿಲ್ಲೆ ನಲವತ್ತು ಐವತ್ತು ಆರಾಮಾಗಿ ಕೂರುತ್ತವೆ. ಒಂದಕ್ಕೊಂದು ತಾಗಬಾರದು. ಪಿವಿಸಿ ಹಾಳೆಯ ಆಲ್ಬಂ ಬೇಡವೇ ಬೇಡ. ಗಾಳಿಯಾಡದ ಡಬ್ಬಿಯೂ ಬೇಡ: ಹಳೆಯ ಸೆಲ್ಯುಲಾಯ್ಡ್ ನಿಧಾನವಾಗಿ ಆಮ್ಲದ ಆವಿ ಬಿಡುತ್ತದೆ, ಅದು ಹೊರಹೋಗದಿದ್ದರೆ ಕೆಟ್ಟ ಒಂದು ಬಿಲ್ಲೆ ಪಕ್ಕದ ಹತ್ತನ್ನು ಕೆಡಿಸುತ್ತದೆ. ಮೇಲ್ಮೈ ಅಂಟಂಟಾಗಿ, ಲೋಹದ ಭಾಗ ಕಿಲುಬು ಹಿಡಿದದ್ದು ಕಂಡರೆ ಅವತ್ತೇ ಬೇರೆ ಇಡಿ.

ಊರಿಗೆ ಒಯ್ಯುವವರಿಗೆ ಇನ್ನೊಂದು ತೊಡಕು. ಬೆಂಗಳೂರಿನಲ್ಲಿ ಹೇಗೋ ನಡೆದೀತು. ಮಂಗಳೂರು, ಮಡಿಕೇರಿ, ತೀರ್ಥಹಳ್ಳಿಯ ಮಳೆಗಾಲ ಉಕ್ಕಿನ ತಗಡಿಗೆ ಯಮ. ನೂರಿಪ್ಪತ್ತು ವರ್ಷ ಒಹಾಯೊದ ಅಟ್ಟದಲ್ಲಿ ಬಾಳಿದ ಬಿಲ್ಲೆ ನಮ್ಮ ಎರಡು ಆಷಾಢದಲ್ಲಿ ಕಂದಾಗುತ್ತದೆ. ಡಬ್ಬಿಗಳಿರುವ ಕಪಾಟಿನಲ್ಲಿ ತೇವಾಂಶ ಮಾಪಕ ಇಟ್ಟು ಶೇ. 40ರಿಂದ 50ರ ನಡುವೆ ನಿಲ್ಲಿಸಿ. ಸಿಲಿಕಾ ಜೆಲ್ ಪೊಟ್ಟಣ ಕಪಾಟಿನ ತಳದಲ್ಲಿರಲಿ, ಬಿಲ್ಲೆಗೆ ತಾಗದಿರಲಿ. ಬಣ್ಣ ಬದಲಾದಾಗ ಜೆಲ್ ಹೊರತೆಗೆದು ಬಿಸಿ ಮಾಡಿ ಒಣಗಿಸಿ. ಅದನ್ನು ಮಾಡುವುದು ಅಡುಗೆಮನೆಯಲ್ಲಾದರೆ ಬಿಲ್ಲೆಯ ಡಬ್ಬಿ ಒಲೆಯ ಹತ್ತಿರಕ್ಕೂ ಬರಬಾರದು.